ಒಲೆ ಹಚ್ಚದ ಹುಟ್ಟುಹಬ್ಬ

"ಅವಲಕ್ಕಿ ಸಾಕು," ಎಂದಳು ನಳಿನಾಕ್ಷಿ.

ತಟ್ಟೆಯ ಮೇಲಿದ್ದ ಕೈಗಳೆಲ್ಲ ಅಲ್ಲಲ್ಲೇ ನಿಂತವು. ಡೊಂಬಿವಲಿಯ ಆ ಮನೆಯಲ್ಲಿ ಐದೂ ಜನ ಒಟ್ಟಿಗೆ ಕೂತು ತಿಂಡಿ ತಿನ್ನುವುದು ಭಾನುವಾರ ಮಾತ್ರ. ಮೊಮ್ಮಗಳು ತೃಷಾಳಿಗೆ ಡಿಸೆಂಬರಿನಲ್ಲಿ ಐದು ತುಂಬುತ್ತದೆ, ಬಂದವರಿಗೆ ಏನು ಕೊಡೋಣ ಎಂದು ಮಗ ಯಶ್ವಂತ್ ಮಾತು ತೆಗೆದಿದ್ದ. ಪಿಜ್ಜಾ ತರಿಸಿಬಿಡೋಣ ಎಂದು ಅವನ ಹೆಂಡತಿ ಹರ್ಷಿತಾ ಹೇಳಿದ್ದಳು. ಹೋದ ವರ್ಷ ಇದೇ ಪಿಜ್ಜಾದ ಮಾತಿಗೆ ಮೂರು ದಿನ ಮುಖ ಊದಿಸಿಕೊಂಡಿದ್ದ ನಳಿನಾಕ್ಷಿ ಈ ಸಲ ಮರುಮಾತಿಲ್ಲದೆ "ಆಯ್ತು, ಅದನ್ನೇ ತರಿಸಿ" ಎಂದುಬಿಟ್ಟಳು. ಸೊಸೆಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ.

ಒಪ್ಪದವನು ಗಂಡ ಚೆನ್ನಯ. ಥಾಣೆಯ ಹೋಟೆಲುಗಳಲ್ಲಿ ಪಾತ್ರೆ ತೊಳೆಯುವಲ್ಲಿಂದ ಶುರುಮಾಡಿ, ಹೋಟೆಲಿನವರ ಬಾಯಲ್ಲಿ ಭಂಡಾರಿ ಎನ್ನುವ ಮುಖ್ಯ ಅಡುಗೆಯವನಾಗಿ, ಎರಡು ವರ್ಷದ ಹಿಂದೆ ನಿವೃತ್ತನಾದ ಮನುಷ್ಯ. ಅವನು ಚಹಾದ ಲೋಟ ಕೆಳಗಿಟ್ಟ.

"ನನ್ನ ಮನೆಗೆ ಡಬ್ಬಿಯಲ್ಲಿ ಊಟ ಬರುವುದಾದರೆ ಆ ದಿನ ನಾನು ಕಲ್ಯಾಣದಲ್ಲಿ ನಮ್ಮ ಹೋಟೆಲಿನ ಲೋಕನಾಥನ ಮನೆಯಲ್ಲಿ ಇರ್ತೇನೆ. ನೀವು ಆರಾಮದಲ್ಲಿ ತಿನ್ನಿ."

"ಪಪ್ಪ, ಈಗ ಯಾರು ಮಾಡ್ತಾರೆ ಅಷ್ಟು ಜನಕ್ಕೆ?" ಎಂದ ಯಶ್ವಂತ್.

"ನಾನು ಸತ್ತಿದ್ದೇನಾ? ಶಿರಾ, ಪೂರಿ, ಸಾಗು. ಮಕ್ಕಳಿಗೆ ಬಿಸಿ ಬಿಸಿ ಗೋಳಿಬಜೆ. ಏನು ಮಗಾ, ಅಜ್ಜ ಮಾಡುವುದಲ್ವಾ?"

"ಹಾಂ, ಅಜ್ಜ ಹೀ ಬನಾಯೇಗಾ," ಎಂದಳು ತೃಷಾ. ಈ ಮಗುವಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ನಾಲಿಗೆ ಮಾತ್ರ ಹಿಂದಿಗೇ ಓಡುತ್ತದೆ.

ಆಗಲೇ ನಳಿನಾಕ್ಷಿ ಅವಲಕ್ಕಿಯ ಮಾತು ಹೇಳಿದ್ದು. ಬೆಲ್ಲ, ತೆಂಗಿನತುರಿ ಹಾಕಿ ಕಲಸಿದ ಅವಲಕ್ಕಿ. ಬಾಳೆಹಣ್ಣಿನ ರಸಾಯನ. ಸೌತೆಕಾಯಿ ಕೋಸಂಬರಿ. ಶುಂಠಿ ಜಜ್ಜಿ ಹಾಕಿದ ಮಜ್ಜಿಗೆ. ಮಕ್ಕಳ ಹೊಟ್ಟೆಗೆ ಹಿತ, ಎಲ್ಲ ಅಜ್ಜನೇ ಕೈಯಾರೆ ಕಲಸಲಿ, ಬೇಕರಿಯಿಂದ ಒಂದು ಕೇಕ್ ತಂದರಾಯಿತು. ಇಷ್ಟನ್ನೂ ಅವಳು ಪಾಠ ಒಪ್ಪಿಸುವ ಹಾಗೆ ಒಂದೇ ಉಸಿರಿಗೆ ಹೇಳಿದಳು.

"ಒಗ್ಗರಣೆ?" ಎಂದಳು ಮೈಸೂರಿನ ಹರ್ಷಿತಾ. "ಒಗ್ಗರಣೆ ಇಲ್ದೆ ಕೋಸಂಬರಿನಾ ಅತ್ತೆ?"

"ಹಸಿಯೇ ರುಚಿ. ನಮ್ಮ ಕಡೆ ಹಾಗೇ."

ನಮ್ಮ ಕಡೆ ಹಾಗೇನೂ ಇಲ್ಲ. ಸಾಸಿವೆ ಸಿಡಿಯದ ಕೋಸಂಬರಿಯನ್ನು ನಳಿನಾಕ್ಷಿ ಹುಟ್ಟಿದಾರಭ್ಯ ಮಾಡಿದವಳಲ್ಲ. ಚೆನ್ನಯ ಹೆಂಡತಿಯ ಮುಖ ನೋಡಿದ. ಆ ನೋಟದ ಅರ್ಥ ಆ ಮನೆಯಲ್ಲಿ ಅವರಿಬ್ಬರಿಗೆ ಮಾತ್ರ ಗೊತ್ತಿತ್ತು. ಅವನು ತಟ್ಟೆ ಎತ್ತಿಕೊಂಡು ಒಳಗೆ ನಡೆದ.

ಇದರ ಹಿಂದಿನ ಕಥೆ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಪಾಪ ಈ ಹೆಂಗಸನ್ನು ಜಿಪುಣಿ ಎಂದು ನೀವೂ ಅಂದುಕೊಳ್ಳುತ್ತೀರಿ.

ನಳಿನಾಕ್ಷಿ ಸ್ಟೇಷನ್ ಹತ್ತಿರ ಕಾಂಚನಾ ಎಂಬವಳ ಅಂಗಡಿಯಲ್ಲಿ ಮಧ್ಯಾಹ್ನದಿಂದ ಸಂಜೆಯವರೆಗೆ ಸೀರೆಗೆ ಫಾಲ್ ಹೊಲಿಯುತ್ತಾಳೆ. ಯಶ್ವಂತ್ ರಬಾಳೆಯ ಕಾರ್ಖಾನೆಯಲ್ಲಿ, ಹರ್ಷಿತಾ ಬೇಲಾಪುರದ ಆಫೀಸಿನಲ್ಲಿ. ಬೆಳಿಗ್ಗೆ ಗಂಡಹೆಂಡತಿ ಒಂದೇ ಲೋಕಲ್ ಹಿಡಿದು ಥಾಣೆಗೆ ಹೋಗಿ, ಅಲ್ಲಿ ಗಾಡಿ ಬದಲಾಯಿಸುತ್ತಾರೆ. ಹಾಗಾಗಿ ಶಾಲೆ ಬಿಟ್ಟು ಬಂದ ತೃಷಾಳ ಮಧ್ಯಾಹ್ನವೆಲ್ಲ ಅಜ್ಜನ ಪಾಲಿನದು. ಅಜ್ಜ ಕುಚ್ಚಲಕ್ಕಿ ಗಂಜಿ ಬೇಯಿಸಿ, ತುಪ್ಪ ಬಿಟ್ಟು, ಊದಿ ಊದಿ ಉಣ್ಣಿಸುತ್ತಿದ್ದ. ಆಮೇಲೆ ಇಬ್ಬರೂ ಚೆನ್ನೆಮಣೆಯ ಮುಂದೆ ಕೂತು ಸಂಜೆಯವರೆಗೆ ಕಾಯಿ ಹಾಕುತ್ತಿದ್ದರು. ನಿವೃತ್ತನಾದ ಮೇಲೆ ಚೆನ್ನಯನಿಗೆ ಇದ್ದ ಉದ್ಯೋಗ ಅದೊಂದೇ. ಅದು ಅವನಿಗೆ ಭಂಡಾರಿತನಕ್ಕಿಂತ ಹೆಚ್ಚಿನದಾಗಿತ್ತು.

ದೀಪಾವಳಿ ಮುಗಿದ ವಾರ ಒಂದು ಸಂಜೆ ನಳಿನಾಕ್ಷಿ ಬಾಗಿಲು ತೆಗೆದವಳೇ ಹೊಸ್ತಿಲಲ್ಲಿ ನಿಂತಳು. ಮನೆ ತುಂಬ ಗ್ಯಾಸಿನ ವಾಸನೆ. ರಾತ್ರಿಗೆಂದು ಇಟ್ಟ ಗಂಜಿ ಉಕ್ಕಿ ಒಲೆ ಆರಿತ್ತು, ಬರ್ನರ್ ಸುಯ್ಯೆನ್ನುತ್ತಿತ್ತು. ಹಾಲ್‌ನಲ್ಲಿ ಅಜ್ಜ ಮೊಮ್ಮಗಳು ಚೆನ್ನೆಯಾಟದಲ್ಲಿ ಮುಳುಗಿದ್ದರು. ಮಗುವಿಗೆ ಅವತ್ತು ಜೋರು ನೆಗಡಿ, ಮೂಗು ಕಟ್ಟಿತ್ತು. ನಳಿನಾಕ್ಷಿ ಓಡಿ ಹೋಗಿ ಗ್ಯಾಸ್ ಮುಚ್ಚಿ ಕಿಟಕಿಗಳನ್ನೆಲ್ಲ ತೆರೆದಳು.

"ಕಿಟಕಿ ಎಂತಕ್ಕೆ ತೆಗೆದದ್ದು? ಸೊಳ್ಳೆ ಬರ್ತದೆ," ಎಂದ ಚೆನ್ನಯ, ಮಣೆಯಿಂದ ತಲೆ ಎತ್ತದೆ.

ಮರುದಿನ ಮನೆ ಖಾಲಿಯಾದ ಮೇಲೆ ಅವನನ್ನು ಕೂರಿಸಿ, ಕಣ್ಣು ಮುಚ್ಚಿ ಎಂದು ಹೇಳಿ, ಇಂಗಿನ ಡಬ್ಬಿ ತೆರೆದು ಮೂಗಿನ ಕೆಳಗೆ ಹಿಡಿದಳು.

"ಇದೆಂತದು ಹೇಳಿ."

ಅವನು ಉಸಿರೆಳೆದ. ಮತ್ತೊಮ್ಮೆ ಎಳೆದ. "ಜೀರಿಗೆ," ಎಂದ.

ನಳಿನಾಕ್ಷಿ ಡಬ್ಬಿ ಮುಚ್ಚಿದಳು. ಆ ಸದ್ದಿಗೆ ಅವನು ಕಣ್ಣು ಬಿಟ್ಟ, ಡಬ್ಬಿ ನೋಡಿದ. ಈ ವರ್ಷದ ಕೊತ್ತಂಬರಿಗೆ ಪರಿಮಳವೇ ಇಲ್ಲ, ತುಪ್ಪಕ್ಕೆ ಏನೋ ಬೆರೆಸುತ್ತಾರೆ ಎಂದೆಲ್ಲ ಅವನು ತಿಂಗಳುಗಟ್ಟಲೆ ಬೈದದ್ದು ಅವಳಿಗೆ ಒಟ್ಟಿಗೆ ನೆನಪಾಯಿತು. ಚೆನ್ನಯನಿಗೆ ಕೆಲಸ ಕಲಿಸಿದ ಉಡುಪಿಯ ಮುದಿ ಭಟ್ಟರು ಸೌಟಿನಿಂದ ಅಂಗೈಗೆ ಹಾಕಿ ರುಚಿ ನೋಡಲು ಬಿಟ್ಟವರಲ್ಲ. ದೇವರಿಗೆ ತೋರಿಸುವ ಮೊದಲು ಅಡುಗೆಯವನ ಬಾಯಿಗೆ ಬೀಳಬಾರದು, ಉಪ್ಪು ಹುಳಿ ಆವಿಯಲ್ಲೇ ತಿಳಿಯಬೇಕು ಎಂಬುದು ಅವರ ಕಟ್ಟುಪಾಡು. ಚೆನ್ನಯ ಜೀವಮಾನವಿಡೀ ಹಾಗೆಯೇ ಅಡುಗೆ ಮಾಡಿದ, ಅದರದೇ ಹೆಮ್ಮೆಯಲ್ಲಿ ಬದುಕಿದ. ಈಗ ಮೂಗು ಹೋದ ಮೇಲೂ ನಾಲಿಗೆಗೆ ಹಾಕಿ ನೋಡಲು ಅವನಿಗೆ ಕೈ ಬರುವುದಿಲ್ಲ. ಕೆಲವು ದಿನ ಸಾಂಬಾರು ಉಪ್ಪಾಗುತ್ತಿತ್ತು. ವಯಸ್ಸಾಯಿತು ಎಂದುಕೊಂಡು ನಳಿನಾಕ್ಷಿಯೇ ಗುಟ್ಟಾಗಿ ನೀರು, ಬಟಾಟೆ ಹಾಕಿ ಸರಿಮಾಡುತ್ತಿದ್ದಳು.

"ಹೋದ ವರ್ಷ ಆ ಜ್ವರ ಬಂದು ಹೋದ ಮೇಲೆ ಹೀಗೆ," ಎಂದ ಅವನು ತುಳುವಿನಲ್ಲಿ. ಇಬ್ಬರೇ ಇದ್ದಾಗ ಅವರದು ತುಳು. "ಥಾಣೆಯ ಡಾಕ್ಟರಿಗೂ ತೋರಿಸಿದೆ. ಬಂದರೆ ಬಂತು, ಬಾರದಿದ್ದರೆ ಇಲ್ಲ ಎಂದರು. ನಳಿನಿ, ಮಕ್ಕಳಿಗೆ ಹೇಳಬೇಡ. ಹರ್ಷಿತಾ ಮಗುವನ್ನು ಪಾಳಣಾಘರದಲ್ಲಿ ಬಿಡ್ತಾಳೆ. ಮತ್ತೆ ನಾನು ಈ ಮನೆಯಲ್ಲಿ ಎಂತ ಮಾಡುವುದು?"

ಪಾಳಣಾಘರ ಎಂದರೆ ದುಡಿಯುವವರು ಮಕ್ಕಳನ್ನು ಬಿಟ್ಟು ಹೋಗುವ ಮನೆ. ಅವರ ಕಟ್ಟಡದ ಕೆಳಗೇ ಒಂದು ಇತ್ತು. ಗಂಡ ಹೀಗೆ ಬೇಡಿಕೊಂಡದ್ದನ್ನು ನಳಿನಾಕ್ಷಿ ಮದುವೆಯಾದಮೇಲೆ ನೋಡಿದ್ದು ಅದೇ ಮೊದಲು. ಮಾತು ಕೊಟ್ಟಳು. ಬದಲಿಗೆ ಅವನಿಂದಲೂ ಮಾತು ತೆಗೆದುಕೊಂಡಳು: ತಾನಿಲ್ಲದಾಗ ಒಲೆ ಹಚ್ಚಕೂಡದು. ಲೈಟರ್ ನೆಚ್ಚಿಕೊಂಡರೆ ಕೆಟ್ಟಂತೆ ಎಂದು ಹೋಟೆಲಿನ ಕಾಲದಿಂದ ಚೆನ್ನಯನಿಗೆ ಬೆಂಕಿಪೆಟ್ಟಿಗೆಯೇ ಆಗಬೇಕು, ಆ ಮನೆಯಲ್ಲಿ ಲೈಟರೇ ಇಲ್ಲ. ಅವಳು ಮಗುವಿನ ಗಂಜಿಯನ್ನು ಬಿಸಿ ಆರದ ಡಬ್ಬಿಯಲ್ಲಿ ಮುಚ್ಚಿಟ್ಟು, ಬೆಂಕಿಪೆಟ್ಟಿಗೆಯನ್ನು ತನ್ನ ಪರ್ಸಿಗೆ ಹಾಕಿಕೊಂಡು ಕೆಲಸಕ್ಕೆ ಹೋಗತೊಡಗಿದಳು.

ಅಂಗಡಿ ಬಿಟ್ಟು ಮನೆಯಲ್ಲೇ ಇರಬಹುದಿತ್ತಲ್ಲ ಎನ್ನುತ್ತೀರಿ. ಬಿಟ್ಟರೆ ಯಾಕೆ ಎಂದು ಸೊಸೆ ಕೇಳುತ್ತಾಳೆ. ಅದಲ್ಲದೆ, ನಿಜ ಹೇಳಬೇಕೆಂದರೆ, ಅವಳಿಗೆ ಬಿಡಲು ಮನಸ್ಸೂ ಇರಲಿಲ್ಲ.

ಹುಟ್ಟುಹಬ್ಬಕ್ಕೆ ಒಲೆ ಹಚ್ಚದ ಊಟ ಹುಟ್ಟಿಕೊಂಡದ್ದು ಹೀಗೆ. ಗಂಡ ಅಡುಗೆಯವನಾಗಿಯೇ ಉಳಿಯಬೇಕು, ಅಡುಗೆಗೆ ಬೆಂಕಿ ಇರಬಾರದು. ಅದಕ್ಕಿಂತ ಒಳ್ಳೆಯ ಉಪಾಯ ಅವಳಿಗೆ ಹೊಳೆಯಲಿಲ್ಲ.

ಚೆನ್ನಯ ಅದನ್ನು ಸುಲಭಕ್ಕೆ ಒಪ್ಪಲಿಲ್ಲ. ಮುಂದಿನ ವಾರ ಮಾರ್ಕೆಟ್ಟಿನಲ್ಲಿ ತೆಂಗಿನಕಾಯಿ ಕುಲುಕಿ ನೋಡುತ್ತ ಗೊಣಗಿದ. "ಲೋಕನಾಥ ಬರ್ತಾನೆ. ಹೋಟೆಲಿನವರೆಲ್ಲ ಬರ್ತಾರೆ. ಚೆನ್ನಯಣ್ಣನ ಮನೆಯಲ್ಲಿ ಅವಲಕ್ಕಿ ಹಾಕಿದರು ಅಂತ ಹೇಳಿಕೊಂಡು ಹೋಗ್ತಾರೆ."

"ಹೇಳಲಿ. ಅಜ್ಜಿ ಜಿಪುಣಿ ಅಂತ ನೀವೂ ಹೇಳಿ. ನನಗೆ ಬೇಜಾರಿಲ್ಲ."

"ಶಿರಾಕ್ಕೆ ರವೆ ಹುರಿಯುವುದು ನೀನು ನೋಡಿಕೊ. ಪಕ್ಕದಲ್ಲಿ ನಿಲ್ಲು. ಹದ ಬಂತು ಅಂತ ನೀನು ಹೇಳಿದರೆ ಆಯ್ತಲ್ಲ."

"ಅಷ್ಟು ಜನರ ಮುಂದೆ ನಾನು ಮೂಸಿ ಮೂಸಿ ಹೇಳ್ತಾ ಇದ್ದರೆ ಯಾರಿಗೂ ಗೊತ್ತಾಗುವುದಿಲ್ವಾ?"

ಅವನು ಕಾಯಿಯನ್ನು ರಾಶಿಗೆ ಹಾಕಿದ. "ನೀನು ನನ್ನನ್ನು ಬದುಕಿರುವಾಗಲೇ ಮೂಲೆಗೆ ಕೂರಿಸಿದೆ ಮಾರಾಯ್ತಿ," ಎಂದ. ನಳಿನಾಕ್ಷಿಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು, ಅವನು ಬಿಟ್ಟ ಕಾಯಿಯನ್ನೇ ಆರಿಸಿ ಚೀಲಕ್ಕೆ ಹಾಕಿದಳು.

ಹರ್ಷಿತಾಳಿಗೆ ವಾರಕ್ಕೆ ಒಂದು ದಿನ ಮನೆಯಿಂದಲೇ ಕೆಲಸ. ಅಂಥ ಒಂದು ದಿನ ಅವಳಿಗೆ ಮಧ್ಯಾಹ್ನ ಚಹಾ ಬೇಕಾಯಿತು. ಬೆಂಕಿಪೆಟ್ಟಿಗೆ ಇಲ್ಲ. ದೇವರ ಕಪಾಟು, ಡಬ್ಬಿಗಳ ಹಿಂದೆ, ಎಲ್ಲಿ ಹುಡುಕಿದರೂ ಇಲ್ಲ. ಮಾವನನ್ನು ಕೇಳಿದರೆ ನನಗೆ ಗೊತ್ತಿಲ್ಲಮ್ಮ ಎಂದು ಪೇಪರಿನೊಳಗೆ ಮುಖ ಹುದುಗಿಸಿದ. ಸಂಜೆ ನಳಿನಾಕ್ಷಿ ಬಂದು ಬೀಗದ ಕೈ ಹಾಕಿಡಲು ಪರ್ಸ್ ತೆರೆದಾಗ ದಾರದ ಉಂಡೆಯ ಜೊತೆ ಬೆಂಕಿಪೆಟ್ಟಿಗೆಯೂ ನೆಲಕ್ಕೆ ಬಿತ್ತು.

ಹರ್ಷಿತಾ ಅದನ್ನು ಎತ್ತಿಕೊಂಡಳು. ಅವಳೇನು ಜಗಳಗಂಟಿ ಅಲ್ಲ, ಆದರೆ ಲೆಕ್ಕಪತ್ರದ ಕೆಲಸದವಳು. ಒಂದಕ್ಕೊಂದು ತಾಳೆಯಾಗದಿದ್ದರೆ ಬಿಡುವವಳೂ ಅಲ್ಲ.

"ಅತ್ತೆ, ಇದನ್ಯಾಕೆ ಅಂಗಡಿಗೆ ತಗೊಂಡು ಹೋಗ್ತೀರ?"

"ಗಡಿಬಿಡಿಯಲ್ಲಿ ಹಾಕಿಕೊಂಡೆ ಕಾಣ್ತದೆ."

"ಹೋದ ವಾರಾನೂ ಇರ್ಲಿಲ್ಲ. ಮತ್ತೆ ಬರ್ತ್‌ಡೇ ಊಟದಲ್ಲಿ ನೋಡಿ, ಒಂದೇ ಒಂದು ಐಟಂ ಒಲೆ ಮೇಲೆ ಇಡೋದಿಲ್ಲ. ನಾನು ಆವತ್ತಿಂದ ಯೋಚ್ನೆ ಮಾಡ್ತಿದೀನಿ. ಏನ್ ನಡೀತಿದೆ ಅತ್ತೆ ಈ ಮನೇಲಿ?"

ಚೆನ್ನಯ ಕುರ್ಚಿಯಲ್ಲಿ ಕೂತೇ ಇದ್ದ. ಪೇಪರ್ ಅಲುಗಲಿಲ್ಲ. ಆ ಪೇಪರಿನ ಅಂಚನ್ನು ಹಿಡಿದಿದ್ದ ಬೆರಳುಗಳನ್ನು ನಳಿನಾಕ್ಷಿ ನೋಡಿದಳು. ಅವನು ಒಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ಹೇಳಲಿಲ್ಲ.

"ನನಗೆ ಮರೆವು ಶುರುವಾಗಿದೆ," ಎಂದಳು ಅವಳು. "ಗ್ಯಾಸ್ ಮುಚ್ಚಿದೆನಾ ಇಲ್ವಾ ಅಂತ ನೆನಪಿರುವುದಿಲ್ಲ. ಒಮ್ಮೆ ಹಾಗೇ ಬಿಟ್ಟಿದ್ದೆ. ಹೆದರಿಕೆಯಾಗಿ ಬೆಂಕಿಪೆಟ್ಟಿಗೆ ತೆಗೆದಿಟ್ಟುಕೊಂಡೆ."

ಸುಳ್ಳು ಎಷ್ಟು ಸಲೀಸಾಗಿ ಬಂತು ಎಂದು ಅವಳಿಗೇ ಆಶ್ಚರ್ಯವಾಯಿತು. ಹರ್ಷಿತಾಳ ಮುಖದಲ್ಲಿದ್ದ ಸಂಶಯ ಕರಗಿ ಹೋಯಿತು. ಅತ್ತೆಯ ಭುಜ ಹಿಡಿದು ಕೂರಿಸಿ ನೀರು ಕೊಟ್ಟಳು.

"ಮೊದಲೇ ಹೇಳಬಾರದಿತ್ತಾ? ಒಬ್ಬರೇ ಒಳಗಿಟ್ಕೊಂಡು ಕೊರಗ್ತಿದ್ದೀರಲ್ಲ. ಡಾಕ್ಟರಿಗೆ ತೋರ್ಸೋಣ. ಇನ್ಮೇಲೆ ನಾವ್ಯಾರೂ ಇಲ್ದಾಗ ನೀವು ಗ್ಯಾಸ್ ಹತ್ರ ಹೋಗ್ಬೇಡಿ ಅತ್ತೆ. ಮಾವ ಇದ್ದಾರಲ್ಲ, ಅಷ್ಟು ವರ್ಷ ಹೋಟೆಲ್ ಕಿಚನ್ ನಡೆಸಿದೋರು. ಅವರೇ ನೋಡ್ಕೊಳ್ಳಲಿ." ಎದ್ದು ಹೋಗಿ ಬೆಂಕಿಪೆಟ್ಟಿಗೆಯನ್ನು ಮಾವನ ಕೈಗೆ ಕೊಟ್ಟಳು. "ಮಾವ, ಇದು ನಿಮ್ಮ ಹತ್ರಾನೇ ಇರ್ಲಿ."

ಚೆನ್ನಯ ಅದನ್ನು ತೆಗೆದುಕೊಂಡು ಶರ್ಟಿನ ಜೇಬಿಗೆ ಹಾಕಿದ. ಯಾರಿಂದ ಮುಚ್ಚಿಡಲು ಇಷ್ಟೆಲ್ಲ ಮಾಡಿದಳೋ ಅವನ ಕೈಗೇ ಬೆಂಕಿ ಹೋಗಿ ಸೇರಿತು.

ಅಂದಿನಿಂದ ಆ ಮನೆಯಲ್ಲಿ ನಳಿನಾಕ್ಷಿ ರೋಗಿಯಾದಳು. "ಅಮ್ಮ, ಮಾತ್ರೆ ತಗೊಂಡೆಯಾ?" ಎಂದು ಯಶ್ವಂತ್ ರಬಾಳೆಯಿಂದ ಫೋನು ಮಾಡುತ್ತಿದ್ದ. ನಲ್ಲಿ ನಿಲ್ಲಿಸಿದ್ದಾಳೋ, ಬಾಗಿಲು ಹಾಕಿದ್ದಾಳೋ ಎಂದು ಹರ್ಷಿತಾ ಹಿಂದೆಯೇ ಬಂದು ನೋಡುತ್ತಿದ್ದಳು. ಡಾಕ್ಟರು ಇವತ್ತು ಯಾವ ವಾರ, ಊರು ಯಾವುದು ಎಂದೆಲ್ಲ ಕೇಳಿ ವಿಟಮಿನ್ ಬರೆದುಕೊಟ್ಟರು. ಅದೆಲ್ಲವನ್ನೂ ಅವಳು ಸಹಿಸಿದಳು. ಸಹಿಸಲಾರದೇ ಹೋದದ್ದು ಚೆನ್ನಯನ ಮೌನವನ್ನು.

"ಒಂದು ಮಾತಾದರೂ ಆಡಬಾರದಿತ್ತಾ?" ಎಂದು ಒಂದು ಬೆಳಿಗ್ಗೆ ಕೇಳಿಯೇ ಬಿಟ್ಟಳು.

"ಹೇಳಲು ಬಾಯಿ ಬರಲಿಲ್ಲ ನಳಿನಿ."

"ಬೆಂಕಿಪೆಟ್ಟಿಗೆ ಕೊಡಿ."

"ಕೊಟ್ಟರೆ ಅವಳು ಕೇಳುವುದಿಲ್ವಾ? ಜೇಬಿನಲ್ಲಿ ಇರ್ತದೆ ಅಷ್ಟೆ. ಹಚ್ಚುವುದಿಲ್ಲ. ತೃಷಾಳ ಮೇಲೆ ಆಣೆ."

ಮಗುವಿನ ಮೇಲೆ ಆಣೆ ಇಟ್ಟ ಮೇಲೆ ಇನ್ನೇನು ಕೇಳುವುದು? ಅವಳು ಎಂದಿನಂತೆ ಗಂಜಿ ಮುಚ್ಚಿಟ್ಟು ಹೋದಳು, ಸಂಜೆ ಬಂದು ಮೊದಲು ಗ್ಯಾಸ್ ನೋಡಿದಳು. ಎಲ್ಲ ಸರಿಯಾಗಿಯೇ ಇರುತ್ತಿತ್ತು. ತೃಷಾ ಮಾತ್ರ ಹೊಸದೊಂದು ಚಾಳಿ ಕಲಿತಿದ್ದಳು. ಏನು ಕಂಡರೂ ಮೂಸಿ ನೋಡುವುದು. ಅಜ್ಜಿಯ ಸೆರಗು, ಅಪ್ಪನ ಬ್ಯಾಗು, ಹಾಲಿನ ಲೋಟ. "ಇದೆಂತದು ನಾಯಿಮರಿಯ ಹಾಗೆ," ಎಂದು ನಳಿನಾಕ್ಷಿ ನಗುತ್ತ ಅವಳ ಮೂಗು ಹಿಂಡಿದಳು. ಮಗು ಗಂಭೀರವಾಗಿ "ಮೇರಾ ಕಾಮ್ ಹೈ," ಎಂದಿತು. ಅದೇನು ಕೆಲಸವೋ ಎಂದು ಅಜ್ಜಿ ಕೇಳಲಿಲ್ಲ. ಮದುವೆಯ ಸೀಸನ್, ಫಾಲ್ ಹೊಲಿಯಬೇಕಾದ ಸೀರೆಗಳು ರಾಶಿ ಬಿದ್ದಿದ್ದವು.

ಹುಟ್ಟುಹಬ್ಬದ ದಿನ ಚೆನ್ನಯ ಬೆಳಿಗ್ಗೆಯೇ ಸೊಂಟಕ್ಕೆ ಬೈರಾಸು ಟವೆಲನ್ನು ಬಿಗಿದ. ಒಲ್ಲೆ ಒಲ್ಲೆ ಎಂದವನಿಗೆ ಕೆಲಸ ಕೈಗೆ ಬಂದದ್ದೇ ಹುರುಪು ಬಂತು. ಕಾಯಿ ತುರಿದ ರೀತಿ ನೋಡಬೇಕಿತ್ತು, ಕರಟದ ಕಪ್ಪು ಒಂದು ಎಳೆಯೂ ಬಿದ್ದಿರಲಿಲ್ಲ. ಬೆಲ್ಲವನ್ನು ಕಾಯಿತುರಿಗೆ ಹಾಕಿ ಅಂಗೈಯಲ್ಲಿ ತಿಕ್ಕಿ ತಿಕ್ಕಿ, ಅದು ನೀರೊಡೆದ ಮೇಲೆ ತೆಳು ಅವಲಕ್ಕಿ ಉದುರಿಸಿದ. ನಳಿನಾಕ್ಷಿ ಯಾರಿಗೂ ಕಾಣದಂತೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಏಲಕ್ಕಿ ಸ್ವಲ್ಪ ಬೇಕು ಎಂದು ಕಣ್ಣಲ್ಲೇ ಹೇಳಿದಳು. ಅವನು ಹಾಕಿದ. ಇಬ್ಬರಿಗೂ ಒಂದು ಗಳಿಗೆ ಹಳೆಯ ಸಂತೋಷ ಮರಳಿತ್ತು.

ಸಂಜೆ ಹಾಲ್ ಜನರಿಂದ ತುಂಬಿತು. ಕೆಳಮಹಡಿಯ ಮಕ್ಕಳು, ಹರ್ಷಿತಾಳ ಆಫೀಸಿನ ಇಬ್ಬರು, ಕಾಂಚನಾ, ಕಲ್ಯಾಣದಿಂದ ಲೋಕನಾಥ. ಕೇಕಿಗೆ ಕಾಯದೆಯೇ ಲೋಕನಾಥ ಪೇಪರ್ ತಟ್ಟೆಯಲ್ಲಿ ಒಂದಿಷ್ಟು ಅವಲಕ್ಕಿ ಹಾಕಿಸಿಕೊಂಡು ತಿಂದ.

"ಚೆನ್ನಯಣ್ಣ, ಮೂಡೆ ಕಡುಬು ಮಾಡಿದ ಕೈ ಇದು, ಅವಲಕ್ಕಿಯಲ್ಲೂ ಗೊತ್ತಾಗ್ತದೆ. ಏನು ಪರಿಮಳ," ಎಂದ.

"ಹೌದಾ?" ಎಂದ ಚೆನ್ನಯ. ಆ ಹೌದಾ ನಳಿನಾಕ್ಷಿಯ ಎದೆಗೆ ನಾಟಿತು. ಅವನು ನಿಜವಾಗಿಯೂ ಕೇಳುತ್ತಿದ್ದ.

ಹರ್ಷಿತಾ ಹತ್ತಿರ ಬಂದು, "ಎಲ್ಲರೂ ಇಷ್ಟ ಪಡ್ತಿದ್ದಾರೆ ಅತ್ತೆ. ನಾನೇ ಸುಮ್ನೆ ಪಿಜ್ಜಾ ಅಂದೆ," ಎಂದಳು. ಸೊಸೆ ಇಷ್ಟು ಮೆತ್ತಗೆ ಮಾತಾಡಿದ್ದು ಅಪರೂಪ. ಇನ್ನು ಕೇಕ್ ಕತ್ತರಿಸಿ ಬಡಿಸಿಬಿಟ್ಟರೆ ಗೆದ್ದೆ ಎಂದುಕೊಂಡಳು ನಳಿನಾಕ್ಷಿ. ಇಡೀ ಊಟಕ್ಕೆ ಬೆಂಕಿ ತಾಕದಂತೆ ನೋಡಿಕೊಂಡವಳು ಒಂದನ್ನು ಮರೆತಿದ್ದಳು. ಕೇಕಿನ ಮೇಲೆ ಮೇಣದಬತ್ತಿ ಇರುತ್ತದೆ.

"ಪಪ್ಪ, ಮಾಚಿಸ್ ನಿಮ್ಮ ಹತ್ತಿರ ಉಂಟಲ್ಲ, ನೀವೇ ಹಚ್ಚಿ," ಎಂದ ಯಶ್ವಂತ್, ಮೊಬೈಲ್ ಎತ್ತಿ ಹಿಡಿದು.

ಚೆನ್ನಯ ಜೇಬಿನಿಂದ ಬೆಂಕಿಪೆಟ್ಟಿಗೆ ತೆಗೆದ. ಕಡ್ಡಿ ಹೊರಗೆ ಬರುವುದಕ್ಕೂ ತೃಷಾ ಮೇಜಿನ ಮುಂದಿನಿಂದ ಚಂಗನೆ ಹಾರುವುದಕ್ಕೂ ಸರಿಹೋಯಿತು.

"ರುಕೋ ಅಜ್ಜ, ರುಕೋ!"

ಹೊಸ ಫ್ರಾಕಿನ ನೆರಿಗೆ ಎತ್ತಿ ಹಿಡಿದುಕೊಂಡು ಮಗು ಜನರ ಕಾಲುಗಳ ನಡುವೆ ನುಸುಳಿ ಅಡುಗೆಮನೆಗೆ ಓಡಿತು. ಹಾಲ್‌ನಿಂದ ಒಲೆಯ ಕಟ್ಟೆ ನೇರ ಕಾಣುತ್ತದೆ. ತೃಷಾ ಮೂಲೆಯಲ್ಲಿದ್ದ ಸ್ಟೂಲು ಎಳೆದಳು, ಹತ್ತಿ ನಿಂತಳು, ಒಂದು ಬರ್ನರಿಗೆ ಮೂಗು ಹಚ್ಚಿ ಉಸಿರೆಳೆದಳು, ಇನ್ನೊಂದಕ್ಕೂ ಹಚ್ಚಿದಳು. ಇಳಿದು, ಸಿಲಿಂಡರಿನ ಪೈಪಿನ ಬಳಿ ಕುಕ್ಕರಗಾಲಿನಲ್ಲಿ ಕೂತು ಮೂಸಿದಳು. ದಿನವೂ ಮಾಡುವ ಕೆಲಸದ ಹಾಗೆ ಅಚ್ಚುಕಟ್ಟಾಗಿ ಮುಗಿಸಿ ಓಡಿ ಬಂದಳು.

"ಸ್ಮೆಲ್ ನಹೀ ಆ ರಹಾ, ಅಜ್ಜ. ಅಬ್ ಜಲಾವೋ," ಎಂದು ಕಡ್ಡಿ ಗೀರಲು ಅಪ್ಪಣೆ ಕೊಟ್ಟಳು.

ಕೆಲವರು ನಕ್ಕರು. ಮಗು ಏನೋ ಆಟ ಆಡುತ್ತಿದೆ ಎಂದುಕೊಂಡರು. ಹರ್ಷಿತಾ ನಗಲಿಲ್ಲ.

"ತೃಷಾ, ಏನದು? ಯಾರು ಹೇಳ್ಕೊಟ್ರು?"

"ಅಜ್ಜ ಕೋ ಸ್ಮೆಲ್ ನಹೀ ಆತಾ ನಾ," ಎಂದಳು ಮಗು, ಇಷ್ಟೂ ಗೊತ್ತಿಲ್ಲವೇ ಎಂಬಂತೆ. "ಗಂಜೀ ಗರಮ್ ಕರ್ನೇ ಸೇ ಪೆಹ್ಲೇ ಮೈ ಚೆಕ್ ಕರ್ತೀ ಹೂಂ. ರೋಜ್. ಸೀಕ್ರೆಟ್ ಹೈ." ಆಮೇಲೆ ಗುಟ್ಟು ಬಿಟ್ಟುಕೊಟ್ಟೆನೆಂದು ಹೊಳೆದು, ಕೈಯಿಂದ ಬಾಯಿ ಮುಚ್ಚಿಕೊಂಡಳು.

ನಳಿನಾಕ್ಷಿಗೆ ಎಲ್ಲ ಒಟ್ಟಿಗೆ ಅರ್ಥವಾಯಿತು. ಗಂಜಿ ಬಿಸಿ ಮಾಡುವ ಮೊದಲು ಗ್ಯಾಸ್ ಸೋರುತ್ತಿದೆಯೋ ಎಂದು ನೋಡಲು ಮೊಮ್ಮಗಳ ಮೂಗನ್ನು ಮುಂದೆ ಕಳಿಸಿದ್ದಾನೆ, ದಿನವೂ. ಅವಳ ಮೇಲೆ ಆಣೆ ಇಟ್ಟವನು. ಇವಳು ಸೀರೆಗಳ ರಾಶಿಯ ಮುಂದೆ ಕೂತು ಎಲ್ಲ ಸರಿಯಿದೆ ಎಂದುಕೊಂಡಿದ್ದಳು. ಮಗು ಕೆಲಸ ಇದೆ ಎಂದಾಗ ನಕ್ಕಿದ್ದಳು.

ಅವಳು ಜನರನ್ನು ಸರಿಸಿಕೊಂಡು ಹೋಗಿ ಗಂಡನ ಕೈಯಿಂದ ಬೆಂಕಿಪೆಟ್ಟಿಗೆ ತೆಗೆದುಕೊಂಡಳು. ಅದನ್ನು ಹರ್ಷಿತಾಳ ಕೈಯಲ್ಲಿಟ್ಟಳು.

"ನಾನು ಹೇಳಿದ್ದು ಸುಳ್ಳಮ್ಮ," ಎಂದಳು. "ನನಗೆ ಮರೆವೂ ಇಲ್ಲ, ಎಂತದೂ ಇಲ್ಲ. ಇವರ ಮೂಗು ಹೋಗಿ ವರ್ಷವಾಯ್ತು. ಗ್ಯಾಸ್ ಬಿಟ್ಟದ್ದು ಗೊತ್ತಾಗದೆ ಮಗುವಿನ ಜೊತೆ ಕೂತಿದ್ದರು. ನನಗೆ ಗೊತ್ತಿತ್ತು. ಗೊತ್ತಿದ್ದೂ ಮುಚ್ಚಿಟ್ಟೆ."

"ಅಮ್ಮ, ಆಮೇಲೆ ಮಾತಾಡೋಣ," ಎಂದ ಯಶ್ವಂತ್ ತಗ್ಗಿದ ದನಿಯಲ್ಲಿ.

"ಆಮೇಲೆ ಆಮೇಲೆ ಅಂತಲೇ ಇಷ್ಟು ದಿನ ಆದದ್ದು."

ಚೆನ್ನಯ ಖಾಲಿ ಕೈ ಹಾಗೇ ಚಾಚಿಕೊಂಡು ನಿಂತಿದ್ದ. "ಡಬ್ಬಿಯ ಗಂಜಿ ಮಧ್ಯಾಹ್ನಕ್ಕೆ ಆರ್ತದೆ, ಅವಳು ತಣ್ಣಗಿನದು ಉಣ್ಣುವುದಿಲ್ಲ," ಎಂದ ಸೊಸೆಗೆ. "ಒಂದು ತುತ್ತು ಬಾಯಿಗಿಟ್ಟು ಬಿಡ್ತಾಳೆ. ಬಿಸಿ ಮಾಡಿದರೆ ಪೂರಾ ಉಣ್ತಾಳೆ." ಅವನಿಗೆ ಹೇಳಲು ಇದ್ದದ್ದು ಅಷ್ಟೇ. ಹರ್ಷಿತಾ ಮಗುವನ್ನು ಎತ್ತಿಕೊಂಡು ಎದೆಗೆ ಅವುಚಿ ಹಿಡಿದಳು, ಯಾರ ಮುಖವನ್ನೂ ನೋಡಲಿಲ್ಲ.

ಮೇಣದಬತ್ತಿ ಹಚ್ಚದೆಯೇ ಕೇಕ್ ಕತ್ತರಿಸಿದರು. ಮಕ್ಕಳು ಅವಲಕ್ಕಿಯನ್ನು ಎರಡೆರಡು ಸಲ ಹಾಕಿಸಿಕೊಂಡರು. ಬಡಿಸಿದ್ದು ಲೋಕನಾಥ. ಚೆನ್ನಯ ಒಳಗಿನ ಕೋಣೆಯಲ್ಲಿ ಬೈರಾಸು ಬಿಚ್ಚದೆ ಕೂತಿದ್ದ.

ಎಲ್ಲರೂ ಹೋದ ಮೇಲೆ ಹರ್ಷಿತಾ ಪೇಪರ್ ತಟ್ಟೆಗಳನ್ನು ಒಟ್ಟುಮಾಡುತ್ತ ಹೇಳಿದಳು. "ಸೋಮವಾರದಿಂದ ತೃಷಾ ಪಾಳಣಾಘರಕ್ಕೆ ಹೋಗ್ತಾಳೆ. ನಾನೇ ಸಂಜೆ ಕರ್ಕೊಂಡು ಬರ್ತೀನಿ."

"ನಾನು ಅಂಗಡಿ ಬಿಡ್ತೇನೆ," ಎಂದಳು ನಳಿನಾಕ್ಷಿ. "ಮನೆಯಲ್ಲೇ ಇರ್ತೇನೆ. ಅವಳನ್ನು ಕಳಿಸಬೇಡ ಮಗಳೇ."

"ಬೇಡ ಅತ್ತೆ." ದನಿಯಲ್ಲಿ ಸಿಟ್ಟು ಇರಲಿಲ್ಲ. ಅದೇ ಕಷ್ಟವಾಯಿತು. "ಮಾವಂಗೆ ಆಗಿರೋದು ಕಾಯಿಲೆ. ಅದಕ್ಕೆ ನಂಗೇನೂ ಬೇಜಾರಿಲ್ಲ. ನೀವು ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ರಲ್ಲ, ಅದನ್ನ ನಂಗೆ ಮರೆಯೋಕಾಗ್ತಿಲ್ಲ."

ನಳಿನಾಕ್ಷಿ ಸೊಸೆಯ ಕೈಯಿಂದ ತಟ್ಟೆಗಳನ್ನು ತೆಗೆದುಕೊಂಡಳು. ತಟ್ಟೆಗಳ ಚೀಲ ಕಟ್ಟಿ ಬಾಗಿಲ ಹೊರಗೆ ಇಟ್ಟಳು.

ಪಾಳಣಾಘರ ಕಟ್ಟಡದ ಕೆಳಗೇ ಇರುವುದರಿಂದ ಮಧ್ಯಾಹ್ನ ಮಕ್ಕಳ ಗಲಾಟೆ ಮೇಲಕ್ಕೆ ಕೇಳುತ್ತದೆ. ಚೆನ್ನಯ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಾನೆ, ಅದರಲ್ಲಿ ಒಂದು ದನಿಯನ್ನು ಹುಡುಕುತ್ತಾನೆ. ಚೆನ್ನೆಮಣೆ ಮಡಚಿ ಕಪಾಟಿನ ಮೇಲೆ ಇಟ್ಟಿದೆ. ನಳಿನಾಕ್ಷಿ ಕೊನೆಗೂ ಅಂಗಡಿ ಬಿಡಲಿಲ್ಲ, ಬಿಟ್ಟು ಮಾಡುವುದೇನಿತ್ತು? ಕೆಲವು ವಾರ ಗಂಡಹೆಂಡತಿ ಬೇಕಾದಷ್ಟೇ ಮಾತಾಡಿದರು. ಆಣೆಯ ವಿಷಯ ಅವಳು ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಜನವರಿಯ ಒಂದು ಸಂಜೆ ಹರ್ಷಿತಾ ಮಗುವನ್ನು ಕರೆದುಕೊಂಡು ಬಂದಾಗ ನಳಿನಾಕ್ಷಿ ದೋಸೆಗೆ ಕಾವಲಿ ಇಡುತ್ತಿದ್ದಳು. ಚೆನ್ನಯ ಅಡುಗೆಮನೆಯ ಬಾಗಿಲಲ್ಲಿ ಕೂತು ಕಾಯಿ ತುರಿಯುತ್ತಿದ್ದ. ಆ ಕೆಲಸವನ್ನು ಅವನಿಂದ ಯಾರೂ ಕಿತ್ತುಕೊಂಡಿರಲಿಲ್ಲ. ಬೆಂಕಿಪೆಟ್ಟಿಗೆಯ ಸದ್ದು ಕೇಳಿದ್ದೇ ತಡ, ತೃಷಾ ಬೆನ್ನಿನ ಚೀಲ ಸಹಿತ ಒಳಗೆ ಓಡಿ ಬಂದು ಸ್ಟೂಲು ಎಳೆದಳು. ಮೂಗು ಚಾಚಿದಳು.

"ಮಗಾ, ಇಲ್ಲಿ ಬಾ," ಎಂದ ಚೆನ್ನಯ. "ಅದು ಇನ್ನು ನಿನ್ನ ಕೆಲಸ ಅಲ್ಲ."

ತೃಷಾ ಸ್ಟೂಲಿನ ಮೇಲೆ ನಿಂತೇ ಅಜ್ಜನ ಕಡೆ ತಿರುಗಿದಳು. "ತೋ ಫಿರ್ ಆಪ್ ಕೋ ಕೌನ್ ಬತಾಯೇಗಾ?"

ಹಾಗಾದರೆ ನಿನಗೆ ಯಾರು ಹೇಳುವುದು ಎಂಬ ಆ ಮಾತಿಗೆ ಅಜ್ಜನ ಕೈ ತುರಿಮಣೆಯ ಮೇಲೆ ನಿಂತಿತು. ಹರ್ಷಿತಾ ಚಪ್ಪಲಿ ಬಿಡುವುದನ್ನು ಮರೆತು ಹಾಲ್‌ನಲ್ಲಿ ನಿಂತಿದ್ದಳು. ನಳಿನಾಕ್ಷಿ ಗೀರದ ಕಡ್ಡಿಯನ್ನು ಪೆಟ್ಟಿಗೆಗೆ ಮರಳಿ ಹಾಕಿ, ಮಗುವನ್ನು ಎತ್ತಿ ಕೆಳಗಿಳಿಸಿದಳು.

"ನಾನು ಹೇಳ್ತೇನೆ," ಎಂದಳು ಸೊಸೆಯ ಮುಖ ನೋಡುತ್ತ. "ಎಲ್ಲರಿಗೂ ಕೇಳುವ ಹಾಗೆ ಹೇಳ್ತೇನೆ."

ಹರ್ಷಿತಾ ಒಳಗೆ ಬಂದು, ಅತ್ತೆಯ ಕೈಯಲ್ಲಿದ್ದ ಬೆಂಕಿಪೆಟ್ಟಿಗೆ ತೆಗೆದುಕೊಂಡು, ತಾನೇ ಒಲೆ ಹಚ್ಚಿದಳು.